ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ಕೊರತೆ ನೀಗಿಸುವುದು, ವೃತ್ತಿಗೆ ಗೌರವ ತರುವುದು ಹೇಗೆ?
ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬ ರಾಜ್ಯದ ಸರಾಸರಿ ನೋಡಿ ಮೋಸಹೋಗಬೇಡಿ. ಪಟ್ಟಣದ ಆಸುಪಾಸಿನಲ್ಲಿ ಹೆಚ್ಚುವರಿ ಶಿಕ್ಷಕರಿದ್ದರೂ ದೂರದ ಹಳ್ಳಿಯದು ಏಕೋಪಾಧ್ಯಾಯ ಶಾಲೆಯಾಗಿರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಕೇಳುವುದು ಶಾಲಾವಾರು ಲೆಕ್ಕ: 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೂ ಇಬ್ಬರು, 6ರಿಂದ 8ಕ್ಕೆ ವಿಜ್ಞಾನ-ಗಣಿತ, ಸಮಾಜ ವಿಜ್ಞಾನ, ಭಾಷೆಗೆ ಕನಿಷ್ಠ ಒಬ್ಬೊಬ್ಬರು. ಖಾಲಿ ಹುದ್ದೆ ಶೇ 10 ಮೀರುವಂತಿಲ್ಲ (ಸೆಕ್ಷನ್ 26).

ಯಾರು ಯಾವಾಗ ನಿವೃತ್ತರಾಗುತ್ತಾರೆಂಬುದು ಇಲಾಖೆಗೆ ಮೊದಲೇ ಗೊತ್ತು. ಹಾಗಾಗಿ ವರ್ಷ ಮುಂಚೆಯೇ ನೇಮಕಾತಿ ಅಧಿಸೂಚನೆ ಹೊರಡಿಸಬಹುದು. ಅದು ತಡವಾದಾಗಲೇ ಅತಿಥಿ ಶಿಕ್ಷಕರ ತೇಪೆ: ಗೌರವಧನ ಕಡಿಮೆ, ಮುಂದಿನ ವರ್ಷದ ಖಾತರಿಯಿಲ್ಲ. ವೃತ್ತಿಯ ಮಾನ ಕುಸಿಯುವುದು ಇಲ್ಲೇ. ಸೆಪ್ಟೆಂಬರ್ 5ರ ಹಾರ-ಶಾಲು ಅದನ್ನು ಮರಳಿಸದು. ಅದೇ ಕಾಯ್ದೆಯ ಸೆಕ್ಷನ್ 27ರಂತೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸ ಹೇರಬಾರದು. ಇದನ್ನು ಪಾಲಿಸಿದರೆ ಇರುವ ಶಿಕ್ಷಕರಾದರೂ ತರಗತಿಯಲ್ಲಿ ಸಿಗುತ್ತಾರೆ.