ಯಾರು ಕರೆದುಕೊಂಡು ಹೋದರು?

ನಮಸ್ಕಾರ.

ಹೆಣ್ಣುಮಕ್ಕಳ ಕಳ್ಳಸಾಗಣೆ ತಡೆಯಲು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳು ಹೇಗೆ ನೆರವಾಗುತ್ತವೆ ಎಂದು ನೀವು ಬರೆದ ಲೇಖನ ಓದಿದೆ. ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ. ಆದರೆ ಎರಡು ಕಡೆ ನನಗೆ ಸುಮ್ಮನಿರಲು ಆಗಲಿಲ್ಲ.

ಮೊದಲು ಮೂರನೇ ಪ್ಯಾರಾ. ‘ಉತ್ತರ ಕರ್ನಾಟಕದ ಬಡ ಹುಡುಗಿಯರು ಮದುವೆಯ ಹೆಸರಿನಲ್ಲಿ ಹೊರರಾಜ್ಯಗಳಿಗೆ ಸಾಗಿಸಲ್ಪಡುತ್ತಾರೆ’ ಅಂತ ಇದೆ. ಮುಂದಿನ ಸಾಲಲ್ಲಿ ‘ಮಾರಲ್ಪಡುತ್ತಾರೆ’. ಅದರ ಮುಂದೆ ‘ಶೋಷಿಸಲ್ಪಡುತ್ತಾರೆ’. ಸಾಗಿಸಿದ್ದು ಯಾರು? ದುಡ್ಡು ಎಣಿಸಿಕೊಂಡಿದ್ದು ಯಾರು? ನಮ್ಮ ಬಾಯಿಮಾತಿನಲ್ಲಿ ಈ ‘ಅಲ್ಪಡು’ ಬರುವುದೇ ಇಲ್ಲ, ಅಲ್ವಾ? ಬರಹದಲ್ಲಿ ಅದನ್ನು ಹಚ್ಚಿದ ಕೂಡಲೇ ತಪ್ಪು ಮಾಡಿದವನು ವಾಕ್ಯದಿಂದಲೇ ಜಾರಿಕೊಳ್ಳುತ್ತಾನೆ.

ನಾನೂ ಹೀಗೇ ಬರೆಯುತ್ತಿದ್ದೆ. ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ಇಂಥದೇ ಒಂದು ಸುದ್ದಿ ಬರೆದುಕೊಟ್ಟೆ. ನಮ್ಮ ಹಿರಿಯರು ‘ಕರೆದೊಯ್ಯಲ್ಪಟ್ಟಳು’ ಎಂಬ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಯಾರು? ಕೇಳಿಕೊಂಡು ಬಾ’ ಅಂದರು. ಮತ್ತೆ ಬಸ್ಸು ಹತ್ತಿದೆ. ಹುಡುಗಿಯ ತಾಯಿ ರೊಟ್ಟಿ ಬಡಿಯುತ್ತಿದ್ದರು. ಕೇಳಿದೆ. ಕೈ ನಿಂತಿತು. ‘ನಮ್ಮ ನಾದಿನೀನ ಬಂದು ಕರ್ಕೊಂಡು ಹೋದ್ಲರಿ. ವರದಕ್ಷಿಣಿ ಬ್ಯಾಡ, ಮದುವಿ ಖರ್ಚೂ ಅವರದ ಅಂದ್ಲು.’ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅವರು ತಿರುಗಿಸಲೇ ಇಲ್ಲ.

ಎರಡನೆಯದು, ‘2030ರೊಳಗೆ ಈ ಪಿಡುಗು ತೊಲಗಲಿದೆ’ ಎಂಬ ಸಾಲು. 2015ರಲ್ಲಿ 193 ದೇಶಗಳು ಒಪ್ಪಿದ್ದು ಗುರಿಯನ್ನು. ಅದು ತಾನಾಗಿ ಬಂದು ಸೇರುವ ರೈಲಲ್ಲ. ಆ ಗುರಿಗಳ ಒಳಗಿನ ಉಪಗುರಿಗಳಲ್ಲಿ ಕಳ್ಳಸಾಗಣೆಗೆ ಸಂಬಂಧಿಸಿದವು ಅಂತ ನೀವೇ ಪಟ್ಟಿ ಮಾಡಿದ 5.2, 8.7, 16.2ರಲ್ಲಿ ಮಧ್ಯದ್ದನ್ನು ನೋಡಿ. ಬಾಲಕಾರ್ಮಿಕ ಪದ್ಧತಿಗೆ ಅದು ಕೊಟ್ಟ ಗಡುವು 2025. ಆ ವರ್ಷ ಮುಗಿದರೂ ಮಕ್ಕಳು ದುಡಿಯುತ್ತಲೇ ಇದ್ದಾರೆ.

ಉಪಗುರಿ 16.9 ಅನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಎಲ್ಲರಿಗೂ ಜನನ ನೋಂದಣಿ ಆಗಬೇಕು ಅನ್ನುತ್ತದೆ ಅದು. ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಇದೇ. ಜನನ ಪ್ರಮಾಣಪತ್ರ ಮನೆಯಲ್ಲಿದ್ದರೆ 15ರ ಹುಡುಗಿಯನ್ನು 19 ಅಂತ ತೋರಿಸುವುದು ದಲ್ಲಾಳಿಗೆ ಸುಲಭವಲ್ಲ. ಒಂದು ಗ್ರಾಮ ಪಂಚಾಯಿತಿಗೆ ಹೋಗಿ. ಎಷ್ಟು ಹುಡುಗಿಯರ ಹತ್ತಿರ ಆ ಕಾಗದ ಇದೆ, ಎಷ್ಟು ಮಂದಿ ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟರು, ಕೇಳಿ.

ಆಮೇಲೆ ಮೂರನೇ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಹುಡುಗಿಯ ಹೆಸರು, ಊರು ಬೇಡ. ಕರೆದುಕೊಂಡು ಹೋದವರು ಮಾತ್ರ ಪ್ರತಿ ಸಾಲಿನಲ್ಲೂ ಇರಲಿ.