ಕಾಲೇಜು ಬದಲಿಸಿದವನು ಕೃತಘ್ನನೇ?

ಮಾನ್ಯರೇ,

2025ರವರೆಗೆ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಆಡಿದ ಬ್ಯಾಸ್ಕೆಟ್‌ಬಾಲ್ ಆಟಗಾರ ವಾಲ್ಟರ್ ಕ್ಲೇಟನ್ ಜೂನಿಯರ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. "ಕರೆದು ಅವಕಾಶ ಕೊಟ್ಟ ಸಣ್ಣ ಕಾಲೇಜಿಗೆ ಎರಡೇ ವರ್ಷದಲ್ಲಿ ಬೆನ್ನು ತೋರಿಸಿ ದೊಡ್ಡ ಕಾಲೇಜು ಸೇರಿದವನನ್ನು ಮಾದರಿಯೆಂಬಂತೆ ಬರೆದಿದ್ದೀರಿ. ಋಣ ಎಂಬುದೊಂದು ಇರಬೇಡವೇ?" ಎಂದು ಕೇಳಿದ್ದೀರಿ. ಜೊತೆಗೆ, ಅಮೆರಿಕದಲ್ಲಿ ಹೈಸ್ಕೂಲು ತಂಡಕ್ಕೆ ಆಡುತ್ತಿರುವ ನಿಮ್ಮ ಮೊಮ್ಮಗನ ಭವಿಷ್ಯದ ಬಗ್ಗೆ ಒಂದು ಪ್ರಶ್ನೆಯಿದೆ. ಮೊದಲು ಋಣದ ಮಾತು.

ಕ್ಲೇಟನ್ ಆಟ ಆರಂಭಿಸಿದ್ದು ನ್ಯೂಯಾರ್ಕ್ ರಾಜ್ಯದ ಅಯೋನಾ ಎಂಬ ಸಣ್ಣ ವಿದ್ಯಾಸಂಸ್ಥೆಯಲ್ಲಿ, ಹೆಸರಾಂತ ಕೋಚ್ ರಿಕ್ ಪಿಟಿನೋ ಅವರ ಕೈಕೆಳಗೆ. ಎರಡನೆಯ ವರ್ಷದ ಹೊತ್ತಿಗೆ ಅವನು ತನ್ನ ಲೀಗಿನ ಶ್ರೇಷ್ಠ ಆಟಗಾರನಾಗಿದ್ದ. 2023ರ ಮಾರ್ಚ್‌ನಲ್ಲಿ ಪಿಟಿನೋ ಅವರೇ ಅಯೋನಾ ಬಿಟ್ಟು ಸೇಂಟ್ ಜಾನ್ಸ್ ವಿಶ್ವವಿದ್ಯಾಲಯಕ್ಕೆ ಹೊರಟರು. ಅದಾದ ಮೇಲೆ ಹುಡುಗ ತನ್ನ ಹುಟ್ಟೂರಿರುವ ಫ್ಲೋರಿಡಾ ರಾಜ್ಯದ ದಾರಿ ಹಿಡಿದ. ಇವರಿಬ್ಬರಲ್ಲಿ ಋಣ ಮರೆತವರು ಯಾರು? ಕೋಚ್ ಹೋದರೆ ಬಡ್ತಿ, ಹುಡುಗ ಹೋದರೆ ದ್ರೋಹ ಎನ್ನುವ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ.

ಆ ಲೆಕ್ಕವನ್ನೇ ಬಹುಕಾಲ ನಿಯಮವಾಗಿ ಪಾಲಿಸಿದ್ದು ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ. ಕಾಲೇಜು ಬದಲಿಸಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಹೊಸ ಕಡೆ ಒಂದು ವರ್ಷ ಅಭ್ಯಾಸ ಮಾಡಬಹುದಿತ್ತು, ಪಂದ್ಯ ಆಡುವಂತಿರಲಿಲ್ಲ. ಬೇರೆ ಕಾಲೇಜಿನ ಕೋಚ್ ಜೊತೆ ಮಾತನಾಡುವುದಕ್ಕೂ ಹಳೆಯ ಕಾಲೇಜಿನ ಅನುಮತಿ ಬೇಕಿತ್ತು. ಸಿಗದಿದ್ದರೆ ಹೊಸ ಕಡೆ ಮೊದಲ ವರ್ಷ ಕ್ರೀಡಾ ವಿದ್ಯಾರ್ಥಿವೇತನವೂ ಇಲ್ಲ. ನೀವು ಶಿಕ್ಷಕರಾಗಿದ್ದವರು. ಟಿ.ಸಿ. ಕೇಳಲು ಬಂದ ಹುಡುಗನಿಗೆ 'ನೀನು ಯಾವ ಶಾಲೆಗೆ ಸೇರಬಾರದು ಎಂಬುದನ್ನೂ ನಾನೇ ತೀರ್ಮಾನಿಸುತ್ತೇನೆ' ಎಂದು ಹೆಡ್‌ಮಾಸ್ತರರು ಹೇಳಿದಂತಿತ್ತು ಆ ವ್ಯವಸ್ಥೆ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಆನ್‌ಲೈನ್ ಪಟ್ಟಿ, ಬಂತು. ಆಟಗಾರ ಲಿಖಿತವಾಗಿ ಕೇಳಿದರೆ ಎರಡು ಕೆಲಸದ ದಿನಗಳೊಳಗೆ ಕಾಲೇಜು ಅವನ ಹೆಸರನ್ನು ಅದರಲ್ಲಿ ಸೇರಿಸಬೇಕು. ಆಮೇಲೆ ಯಾವ ಕೋಚ್ ಬೇಕಾದರೂ ಸಂಪರ್ಕಿಸಬಹುದು. 2021ರಲ್ಲಿ, ಒಂದು ಸಲದ ಮಟ್ಟಿಗೆ, ವರ್ಷವಿಡೀ ಸುಮ್ಮನೆ ಕೂರುವ ಶಿಕ್ಷೆ ರದ್ದಾಯಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2024ರಲ್ಲಿ, ಓದು ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಹೋಗಿ ಕೂಡಲೇ ಆಡಬಹುದು ಎಂದಾಯಿತು.

"ಹಳೆಯ ಕಾಲದ ಆಟಗಾರರು ಹೀಗಿರಲಿಲ್ಲ" ಎಂದೂ ಬರೆದಿದ್ದೀರಿ. ಹಳೆಯ ಕಾಲದ ದೊಡ್ಡ ಹೆಸರೇ ಇದೆ: ಮುಂದೆ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ದಿಗ್ಗಜನಾದ ಲ್ಯಾರಿ ಬರ್ಡ್. ಫ್ರೆಂಚ್ ಲಿಕ್ ಎಂಬ ಪುಟ್ಟ ಊರಿನ ಈ ಹುಡುಗ 1974ರಲ್ಲಿ ಬಾಬ್ ನೈಟ್ ಕೋಚ್ ಆಗಿದ್ದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದ. ಅಷ್ಟು ದೊಡ್ಡ ಕ್ಯಾಂಪಸ್ ಅವನಿಗೆ ಒಗ್ಗಲಿಲ್ಲ. ಒಂದು ಪಂದ್ಯವನ್ನೂ ಆಡದೆ, ತಿಂಗಳು ತುಂಬುವ ಮೊದಲೇ ಊರಿಗೆ ಮರಳಿ, ಕಸದ ಲಾರಿಯೂ ಸೇರಿದಂತೆ ಪುರಸಭೆಯ ಕೆಲಸ ಮಾಡಿಕೊಂಡಿದ್ದ. ಮರುವರ್ಷ ಸೇರಿದ್ದು ಅಷ್ಟೇನೂ ಹೆಸರಿಲ್ಲದ ಇಂಡಿಯಾನಾ ಸ್ಟೇಟ್‌ಗೆ. ಅಲ್ಲಿಯೂ ನಿಯಮದಂತೆ ಒಂದು ಋತು ಆಡದೆ ಕಾದ. 1979ರಲ್ಲಿ ಅದೇ ತಂಡವನ್ನು ಒಂದೂ ಪಂದ್ಯ ಸೋಲದೆ ಎನ್‌ಸಿಎಎ ರಾಷ್ಟ್ರೀಯ ಟೂರ್ನಿಯ ಫೈನಲ್‌ವರೆಗೆ ತಂದು, ಅಲ್ಲಿ ಮ್ಯಾಜಿಕ್ ಜಾನ್ಸನ್ ಇದ್ದ ಮಿಷಿಗನ್ ಸ್ಟೇಟ್‌ಗೆ 64–75ರಲ್ಲಿ ಸೋತ. ಬರ್ಡ್‌ನನ್ನು ಯಾರೂ ಕೃತಘ್ನ ಎಂದದ್ದು ನಾನು ಕೇಳಿಲ್ಲ.

ಬರ್ಡ್ ಹೆಸರು ಎತ್ತಲು ಇನ್ನೊಂದು ಕಾರಣವಿದೆ. 2025ರ ಅದೇ ಟೂರ್ನಿಯ ಎಂಟರ ಘಟ್ಟದಲ್ಲಿ ಟೆಕ್ಸಸ್ ಟೆಕ್ ವಿರುದ್ಧ 30, ಸೆಮಿಫೈನಲ್‌ನಲ್ಲಿ ಆಬರ್ನ್ ವಿರುದ್ಧ 34 ಅಂಕ ಗಳಿಸಿದ ಕ್ಲೇಟನ್, ಆ ಎರಡೂ ಘಟ್ಟಗಳಲ್ಲಿ ಮೂವತ್ತು ಮುಟ್ಟಿದ್ದರಲ್ಲಿ 1979ರ ಬರ್ಡ್ ನಂತರ ಮೊದಲಿಗ.

ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವನು ಅಂಕ ಗಳಿಸದ ಆಟ. ಏಪ್ರಿಲ್ 7ರಂದು ಸ್ಯಾನ್ ಆಂಟೋನಿಯೋದಲ್ಲಿ ಹ್ಯೂಸ್ಟನ್ ವಿರುದ್ಧ ಫೈನಲ್. ಮೊದಲಾರ್ಧದಲ್ಲಿ ಕ್ಲೇಟನ್ ಸೊನ್ನೆ. ಇಡೀ ಪಂದ್ಯದಲ್ಲಿ ಬರೀ 11. ಒಂದು ಹಂತದಲ್ಲಿ 12 ಅಂಕ ಹಿಂದಿದ್ದ ಫ್ಲೋರಿಡಾ ಕೊನೆಯ ಕ್ಷಣಗಳಲ್ಲಿ 65–63ರಿಂದ ಮುಂದಿತ್ತು. ಹ್ಯೂಸ್ಟನ್‌ನ ಇಮ್ಯಾನುಯೆಲ್ ಶಾರ್ಪ್ ಮೂರಂಕದ ಎಸೆತಕ್ಕೆಂದು ನೆಗೆದ. ಕ್ಲೇಟನ್ ಎದುರಿನಿಂದ ಹಾರಿ ಬಂದ. ಎಸೆದರೆ ಚೆಂಡು ತಡೆಗೆ ಸಿಗುತ್ತದೆ, ಹಿಡಿದುಕೊಂಡೇ ಇಳಿದರೆ ಟ್ರಾವೆಲಿಂಗ್ ಎಂಬ ತಪ್ಪಾಗಿ ಚೆಂಡು ಎದುರಾಳಿಯ ಪಾಲು. ಶಾರ್ಪ್ ಗಾಳಿಯಲ್ಲಿದ್ದಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟ. ಬಿಟ್ಟ ಮೇಲೆ ತಾನೇ ಮೊದಲು ಮುಟ್ಟುವಂತಿಲ್ಲ. ಪುಟಿಯುತ್ತಿದ್ದ ಚೆಂಡಿನ ಮೇಲೆ ಫ್ಲೋರಿಡಾದ ಅಲೆಕ್ಸ್ ಕಾಂಡನ್ ಬಿದ್ದ. ಆಟ ಮುಗಿಯಿತು. ಗೆದ್ದ ತಂಡದ ಅಲಿಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದಲೂ ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದಲೂ ಬಂದವರು. ಸೋತವರ ಕಡೆಯಲ್ಲೂ ಎಲ್.ಜೆ. ಕ್ರಯರ್ ಬೇಲರ್ ಬಿಟ್ಟು ಬಂದವನೇ. ವಲಸೆ ಬಂದವರನ್ನೆಲ್ಲ ಅಂಕಣದಿಂದ ಹೊರಗೆ ಕಳಿಸಿದ್ದರೆ ಫೈನಲ್ ನಡೆಸುವುದೇ ಕಷ್ಟವಿತ್ತು!

ಬೇರೆ ಕಾಲೇಜಿನ ಗಾಳಿ ತಗುಲಿದೊಡನೆ ಆಟ ಬಂದುಬಿಡುವುದಿಲ್ಲ. ಡಾಲ್ಟನ್ ಕನೆಕ್ಟ್‌ನನ್ನು ನೋಡಿ. ಹೈಸ್ಕೂಲು ಮುಗಿಸಿದಾಗ ದೊಡ್ಡ ಕಾಲೇಜುಗಳು ಯಾವುವೂ ಕರೆಯಲಿಲ್ಲ. ಕೊಲರಾಡೋದ ಸ್ಟರ್ಲಿಂಗ್‌ನಲ್ಲಿ ಒಂದು ಜೂನಿಯರ್ ಕಾಲೇಜಿನಲ್ಲಿ ಎರಡು ವರ್ಷ, ನಾರ್ದರ್ನ್ ಕೊಲರಾಡೋದಲ್ಲಿ ಇನ್ನೆರಡು ವರ್ಷ, ಕೊನೆಗೆ ಟೆನೆಸಿ. ಅಲ್ಲಿ ಪಂದ್ಯಕ್ಕೆ ಸರಾಸರಿ 21.7 ಅಂಕ ಗಳಿಸಿ ಸೌತ್ ಈಸ್ಟರ್ನ್ ಲೀಗಿನ ಶ್ರೇಷ್ಠ ಆಟಗಾರನಾದ. 2024ರಲ್ಲಿ ವೃತ್ತಿಪರ ಲೀಗ್ ಎನ್‌ಬಿಎಯ ಹೊಸಬರ ಆಯ್ಕೆಯಲ್ಲಿ ಲೇಕರ್ಸ್ ತಂಡ ಅವನನ್ನು 17ನೆಯವನಾಗಿ ಆರಿಸಿಕೊಂಡಿತು. ಟೆನೆಸಿ ಅವನಿಗೆ ದೊಡ್ಡ ವೇದಿಕೆ ಕೊಟ್ಟಿತು, ಸರಿ. ಆ ಆಟ ಪಳಗಿದ್ದು ಹಿಂದಿನ ನಾಲ್ಕು ವರ್ಷ, ಟಿವಿ ಕ್ಯಾಮೆರಾಗಳು ಅಷ್ಟಾಗಿ ತಿರುಗದ ಅಂಕಣಗಳಲ್ಲಿ.

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿರುವುದು ಇಲ್ಲಿಯೇ, ಆದರೆ ಅದರ ಗುರಿ ಹುಡುಗನಾಗಬಾರದು. ಯುರೋಪಿನ ಫುಟ್‌ಬಾಲ್‌ನಲ್ಲಿ ಆಟಗಾರ ಒಪ್ಪಂದ ಮುಗಿಯುವ ಮುನ್ನ ಬಿಟ್ಟುಹೋದರೆ ಸಣ್ಣ ಕ್ಲಬ್ಬಿಗೆ ವರ್ಗಾವಣೆ ಶುಲ್ಕವಾದರೂ ಸಿಗುತ್ತದೆ. ಅಯೋನಾದಂಥ ಕಾಲೇಜಿಗೆ ಹಾಗೇನೂ ಇಲ್ಲ. ಬೆಳೆಸುವುದು ಇವರು, ಕೊಯ್ಲು ಅವರದು. 2021ರ ಜುಲೈಯಿಂದ ಆಟಗಾರರು ಜಾಹೀರಾತಿನಿಂದ ಗಳಿಸಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಎಲ್ಲ ಕ್ರೀಡೆಗೂ ಸೇರಿ ಸುಮಾರು 2 ಕೋಟಿ ಡಾಲರ್. ಸಣ್ಣವರು ಈ ಹರಾಜಿನಲ್ಲಿ ಕೈ ಎತ್ತುವುದು ಹೇಗೆ? ದುಡ್ಡಿಗಾಗಿಯೇ ಹಾರುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಪೋರ್ಟಲ್‌ಗೆ ಹೆಸರು ಕೊಟ್ಟು ಹಳೆಯ ವಿದ್ಯಾರ್ಥಿವೇತನವನ್ನೂ ಕಳೆದುಕೊಂಡು, ಹೊಸ ಕರೆಯೂ ಬಾರದೆ ಉಳಿದವರೂ ಪ್ರತಿ ವರ್ಷ ಇರುತ್ತಾರೆ.

ಇನ್ನು ನಿಮ್ಮ ಮೊಮ್ಮಗ. "ಈಗ ಕೋಚ್‌ಗಳು ಹೈಸ್ಕೂಲು ಹುಡುಗರತ್ತ ನೋಡುವುದೇ ಇಲ್ಲವಂತೆ, ನಿಜವೇ?" ಎಂದು ಕೇಳಿದ್ದೀರಿ. ನೋಡುವುದೇ ಇಲ್ಲ ಎನ್ನುವುದು ಉತ್ಪ್ರೇಕ್ಷೆ. ಆದರೆ ಹದಿನೆಂಟರ ಹುಡುಗನನ್ನು ತಿದ್ದುವುದಕ್ಕಿಂತ ಇಪ್ಪತ್ತೆರಡರ ಪಳಗಿದ ಆಟಗಾರನನ್ನು ಪೋರ್ಟಲ್‌ನಿಂದ ತರುವುದೇ ಲೇಸು ಎಂದುಕೊಳ್ಳುವ ಕೋಚ್‌ಗಳು ಹೆಚ್ಚಿದ್ದಾರೆ. ಹೀಗಾಗಿ ಅವನು ಹೆಸರಿಗೆ ಮರುಳಾಗದೆ, ಮೊದಲ ವರ್ಷವೇ ಅಂಕಣಕ್ಕಿಳಿಸುವ ಕಾಲೇಜನ್ನು ಹುಡುಕಲಿ. ಜೂನಿಯರ್ ಕಾಲೇಜಾದರೂ ಅವಮಾನವೇನಿಲ್ಲ. ಮುಂದೆಂದಾದರೂ ಕಾಲೇಜು ಬದಲಿಸುವುದಾದರೆ ಸಹಿ ಹಾಕುವ ಮುನ್ನ ಕ್ರೆಡಿಟ್‌ಗಳ ಲೆಕ್ಕ ಕೇಳಿ. ಎನ್‌ಸಿಎಎ ಮೊದಲ ದರ್ಜೆಯಲ್ಲಿ ಆಡಲು ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಶೇ 40, ಮೂರನೆಯದಕ್ಕೆ ಶೇ 60, ನಾಲ್ಕನೆಯದಕ್ಕೆ ಶೇ 80 ಪೂರೈಸಿರಬೇಕು. ಹಳೆಯ ಕಾಲೇಜಿನ ಕ್ರೆಡಿಟ್‌ಗಳನ್ನೆಲ್ಲ ಹೊಸ ಕಾಲೇಜು ಎಣಿಕೆಗೆ ತೆಗೆದುಕೊಳ್ಳುತ್ತದೆಂಬ ಖಾತರಿಯಿಲ್ಲ. ಕೋಚ್ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು. ಕಾಲೇಜಿನ ಕಚೇರಿಯಿಂದ ಬರಹದಲ್ಲಿ ಪಡೆಯುವಂತೆ ಅವನ ತಂದೆತಾಯಿಗೆ ತಿಳಿಸಿ.

— ಸಂಪಾದಕ