ಲೆಡ್ಜರ್ ಮುಚ್ಚದೆ ಕಂಪ್ಯೂಟರಿನ ಲಾಭ ಕಾಣದು

ಮಾನ್ಯರೇ,

ಸೋಮವಾರಪೇಟೆ ಕಡೆಯ ಕೃಷಿ ಪತ್ತಿನ ಸಂಘದ ನಿರ್ದೇಶಕರಾದ ನೀವು ಬರೆದಿರುವುದಿಷ್ಟು: ಕಂಪ್ಯೂಟರ್ ಬಂದು ಎರಡು ವರ್ಷವಾಯಿತು, ತರಬೇತಿಯೂ ಎರಡು ಸಲ ಆಯಿತು, ಆದರೂ ಗುಮಾಸ್ತರು ಹಗಲು ಲೆಡ್ಜರಿಗೆ ಬರೆದು, ಸಂಜೆ ಕೂತು ಅದನ್ನೇ ಕಂಪ್ಯೂಟರಿಗೆ ಏರಿಸುತ್ತಾರೆ. ಸಿಬ್ಬಂದಿಗೆ ಮನಸ್ಸಿಲ್ಲವೇ, ಇನ್ನೊಂದು ತರಬೇತಿ ಬೇಕೇ, ಸಂಶೋಧನೆ ಏನು ಹೇಳುತ್ತದೆ ಎಂದು ಕೇಳಿದ್ದೀರಿ.

ತರಬೇತಿಗೆ ಮತ್ತೆ ದುಡ್ಡು ಹಾಕಬೇಡಿ. ಜನ ಕಂಪ್ಯೂಟರ್ ತಂತ್ರಾಂಶಗಳನ್ನು ಯಾಕೆ ಒಪ್ಪಿ ಬಳಸುತ್ತಾರೆ ಎಂದು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಕೆಯ ಜತೆ ಹೆಚ್ಚು ಗಟ್ಟಿಯಾಗಿ ತಳುಕು ಹಾಕಿಕೊಂಡದ್ದು ‘ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆ’ ಎಂಬ ಭಾವನೆ. ‘ಬಳಸಲು ಸುಲಭ’ ಎಂಬುದಕ್ಕೆ ನಂತರದ ಸ್ಥಾನ. ತರಬೇತಿಯಿಂದ ಸುಲಭವಾದೀತು, ಉಪಯೋಗ ಹುಟ್ಟದು. ಅದಕ್ಕೂ ಮೊದಲೇ, 1988ರಲ್ಲಿ, ಹಲವರು ಸೇರಿ ಬಳಸುವ ತಂತ್ರಾಂಶಗಳು ಯಾಕೆ ಸೋಲುತ್ತವೆ ಎಂದು ಇನ್ನೊಬ್ಬ ಸಂಶೋಧಕ ಜೊನಾಥನ್ ಗ್ರೂಡಿನ್ ನೋಡಿದ್ದರು. ಅವರು ಕೊಟ್ಟ ಮುಖ್ಯ ಕಾರಣಗಳಲ್ಲೊಂದು: ಹೆಚ್ಚುವರಿ ದುಡಿಮೆ ಒಬ್ಬರದು, ಲಾಭ ಇನ್ನೊಬ್ಬರದು. ನಿಮ್ಮಲ್ಲಿ ಆಗಿರುವುದೂ ಅದೇ. ವರದಿ ಮೇಲಿನ ಕಚೇರಿಗೆ, ಸಂಜೆಯ ಹೆಚ್ಚುವರಿ ದುಡಿಮೆ ಗುಮಾಸ್ತರಿಗೆ.

ಗೊಬ್ಬರದ ಕೌಂಟರನ್ನೇ ನೋಡಿ. ಒಂದು ಮೂಟೆ ಯೂರಿಯಾ ಮೊದಲು ಪಿಒಎಸ್ ಯಂತ್ರದಲ್ಲಿ (ಗೊಬ್ಬರದ ಮಾರಾಟ ದಾಖಲಿಸುವ ಯಂತ್ರ) ಆಧಾರ್ ಹಾಕಿ ಬಿಲ್ ಆಗುತ್ತದೆ, ಆಮೇಲೆ ಸಂಘದ ತಂತ್ರಾಂಶಕ್ಕೆ, ಕೊನೆಗೆ ದಾಸ್ತಾನು ಪುಸ್ತಕಕ್ಕೆ. ತೋಟದ ಕೆಲಸದಿಂದ ಸವೆದ ಬೆರಳಿನ ಅಚ್ಚು ಹಿಡಿಯದ ದಿನ ಮೂಟೆ ಕೊಟ್ಟು ಬಿಲ್ ನಾಳೆಗಿಟ್ಟರೆ ಯಂತ್ರದಲ್ಲಿ ದಾಸ್ತಾನು ಹೆಚ್ಚು, ಗೋದಾಮಿನಲ್ಲಿ ಕಡಿಮೆ. ಆಗ ಗುಮಾಸ್ತರು ನಂಬುವುದು ತಮ್ಮ ಕೈಬರಹವನ್ನೇ. ಅದು ಹಟವಲ್ಲ, ವಿವೇಕ.

ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಹಿಡಿಯದೆ ಸದಸ್ಯರ ಸಾಲದ ಲೆಡ್ಜರ್ ಒಂದನ್ನೇ ತೆಗೆದುಕೊಳ್ಳಿ. ಮಾರ್ಚ್ 31ರ ಬಾಕಿಯನ್ನು ಅಸಲು, ಬಡ್ಡಿ ಬೇರೆ ಬೇರೆಯಾಗಿ ಮುದ್ರಿಸಿ, ಒಬ್ಬೊಬ್ಬ ಸದಸ್ಯರಿಂದಲೂ ಸಹಿ ಪಡೆಯಿರಿ. ಹೆಚ್ಚು ತೊಡಕು ಇಲ್ಲಿಯೇ. ಷೇರು ಪುಸ್ತಕದಲ್ಲಿ ಮನೆತನದ ಹೆಸರು ಒಂದಕ್ಷರ, ಆಧಾರ್‌ನಲ್ಲಿ ಪೂರ್ತಿ. ಒಂದೇ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಒಂದೇ ಹೆಸರಿನ ಇಬ್ಬರು. ಹೀಗೆ ಒಬ್ಬರಿಗೆ ಎರಡು ಖಾತೆ, ಇಬ್ಬರಿಗೆ ಒಂದೇ ಖಾತೆ ಆಗಿಬಿಡುತ್ತದೆ. ಸದಸ್ಯತ್ವ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳಿ, ಹೆಸರನ್ನಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ ಎರಡೂ ಕಡೆ ಬರೆಯಲಿ. ಬಡ್ಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸ ಕಂಡರೆ, ಲೆಡ್ಜರಿನಲ್ಲಿ ತಿಂಗಳ ಲೆಕ್ಕ, ತಂತ್ರಾಂಶದಲ್ಲಿ ದಿನದ ಲೆಕ್ಕ ಇದೆಯೇ ಎಂದು ಮೊದಲು ನೋಡಿ. ಜೂನ್ 30ರ ತಾಳೆಪಟ್ಟಿ ಕೂಡಿದ ಮೇಲೆ, ಲೆಕ್ಕಪರಿಶೋಧಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಆ ಲೆಡ್ಜರ್ ನಿಲ್ಲಿಸಲು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ. ಠರಾವಿಲ್ಲದೆ ಗುಮಾಸ್ತರು ಲೆಡ್ಜರ್ ಬಿಡುವುದಿಲ್ಲ. ನಾಳೆ ಆಕ್ಷೇಪಣೆ ಬಂದರೆ ಉತ್ತರಿಸಬೇಕಾದವರು ಅವರೇ ತಾನೆ.

ಜುಲೈ ಮಳೆಯಲ್ಲಿ ಕರೆಂಟು ಹೋದರೆ ಯುಪಿಎಸ್ ಸಾಲದು. ಕ್ರಮಸಂಖ್ಯೆ ಮುದ್ರಿಸಿದ ರಸೀದಿ ಪುಸ್ತಕ ಕೌಂಟರಿನಲ್ಲಿರಲಿ. ಕರೆಂಟು ಬಂದಾಗ ಅದೇ ಸಂಖ್ಯೆ ಹಾಕಿ ಏರಿಸಲಿ. ಏರಿಸಿದ್ದಕ್ಕೆ ಅಡ್ಡಗೀಟು.

ಲಾಭವನ್ನು ಅಳೆಯುವುದು ಹೇಗೆಂದೂ ಕೇಳಿದ್ದೀರಿ. ಮಾಹಿತಿ ವ್ಯವಸ್ಥೆಯ ಯಶಸ್ಸನ್ನು ಅಳೆಯಲು ಸಂಶೋಧಕರಾದ ಡೆಲೋನ್ ಮತ್ತು ಮೆಕ್ಲೀನ್ 1992ರಲ್ಲಿ ಮಂಡಿಸಿ 2003ರಲ್ಲಿ ಪರಿಷ್ಕರಿಸಿದ ಮಾದರಿಯಲ್ಲಿ ವ್ಯವಸ್ಥೆ, ಮಾಹಿತಿ, ಸೇವೆ ಮೂರರ ಗುಣಮಟ್ಟವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಬಳಕೆ ಕಡ್ಡಾಯವಾದಲ್ಲಿ ಎಷ್ಟು ಸಲ ಲಾಗಿನ್ ಆದರು ಎಂಬ ಲೆಕ್ಕದಿಂದ ಏನೂ ತಿಳಿಯದು. ಬಾಕಿ ಪತ್ರ ಕೇಳಿದವರಿಗೆ ಎಷ್ಟು ಹೊತ್ತಿನಲ್ಲಿ ಸಿಕ್ಕಿತು, ಸಂಜೆ ಬಾಗಿಲು ಹಾಕಿದ್ದು ಎಷ್ಟು ಗಂಟೆಗೆ, ತಿಂಗಳಲ್ಲಿ ತಿದ್ದುಪಡಿ ವೋಚರ್ ಎಷ್ಟು: ಈ ಮೂರನ್ನು ಇಂದಿನಿಂದಲೇ ಬರೆದಿಡಿ. ಹಿಂದಿನ ಲೆಕ್ಕವಿಲ್ಲದೆ ಮುಂದಿನದಕ್ಕೆ ಹೋಲಿಕೆ ಇಲ್ಲ.

ಇನ್ನು ಸದಸ್ಯರಿಗೆ ಮೊಬೈಲ್ ಆ್ಯಪ್ ಕೊಡುವ ವಿಚಾರ. ಸಾಲದ ಬಾಕಿ ಎರಡು ಮಾರ್ಚ್ ದಾಟಿಯೂ ತಪ್ಪಿಲ್ಲದೆ ಬಂದರೆ ಆಗ ಯೋಚಿಸಬಹುದು.

— ಸಂಪಾದಕ